ಖಾಲಿ ಜಾಗ ಅಂತ ಒಪ್ಪದ ನಕ್ಷೆ ಸಾಹೇಬ್ರು

ಈ ಊರಿನ ನಕ್ಷೆ ಬರೆದೋಳೇ ನಾನು ಕಣ್ರಪ್ಪಾ. ಅರ್ಧ ಸುಳ್ಳು ಅಂತ ನಾನೇ ಒಪ್ಕೋತೀನಿ: ಬರೆದೋರು ನಮ್ಮ ನಕ್ಷೆ ಸಾಹೇಬ್ರು, ಬೈದು ಬರೆಸಿದೋಳು ಈ ಮುದುಕಿ. ಯಾವ ಜಮೀನು ಹೊಲವಾಗೇ ಇರಬೇಕು, ಎಲ್ಲಿ ಮನೆ ಏಳಬೇಕು, ಎಲ್ಲಿ ರಸ್ತೆ ಹೋಗಬೇಕು ಅಂತ ಯೋಜನಾ ಕಚೇರೀಲಿ ಮೂವತ್ತಮೂರು ವರ್ಷ ಬಣ್ಣ ಹಚ್ಚಿದ ಈ ಮಹಾನುಭಾವರು ನಾಳೆ ನಿವೃತ್ತರಾಗ್ತಾರೆ. ಅವರಷ್ಟು ಸಣ್ಣ ಗೆರೆ ಎಳೆಯೋರು ಏಳು ಲೋಕದಲ್ಲಿಲ್ಲ. ಅಷ್ಟು ಸಣ್ಣ ದನಿಯೋರೂ ಇಲ್ಲ.

ಕೆಲಸಕ್ಕೆ ಸೇರಿದ ಹೊಸದ್ರಲ್ಲಿ, ಓದುಬರಹ ಬಾರದ ರೈತರಿಗೆ ಊಟದ ಹೊತ್ತಲ್ಲೇ ಕೂತು ನಕ್ಷೆ ಮೇಲಿನ ಆಕ್ಷೇಪಣೆ ಬರೆದುಕೊಡೋರು. ನನ್ನ ಹೆಬ್ಬೆಟ್ಟಿನ ಮಸಿ ಅವರ ಊಟದ ಡಬ್ಬಿ ಮೇಲೆ ಇನ್ನೂ ಹೋಗಿಲ್ಲ.

ಆಮೇಲೆ ಬಂತು ನೋಡಿ ಲಾರಿ ನಿಲ್ದಾಣ. ಸರ್ವೆಯೋರು ಕೊಯ್ಲಾದ ಮರುವಾರ ಬಂದು, ಬರೀ ಮಣ್ಣು ಕಂಡು, ನಮ್ಮ ಅರವತ್ತು ಎಕರೆ ಕೋಸಿನ ಹೊಲಾನ 'ಖಾಲಿ ಜಾಗ' ಅಂತ ಗುರುತು ಹಾಕ್ಕೊಂಡು ಹೋದ್ರು. ಖಾಲಿ ಅಂದ್ಮೇಲೆ ಲಾರಿ ನಿಲ್ಸೋಕೇನಡ್ಡಿ? ದೊಡ್ಡ ಅಧಿಕಾರಿ ನಕ್ಷೇಲಿ ನಮ್ಮ ಹೊಲಕ್ಕೆ ಲಾರಿ ನಿಲ್ದಾಣದ ಬೂದು ಬಣ್ಣ ಹಚ್ಚಿ ಅಂದ್ರು. ಸಾಹೇಬ್ರಿಗೋ ಮನೇಲಿ ಹಾಸಿಗೆ ಹಿಡಿದ ಅಮ್ಮ, ಇರೋದು ಇದೊಂದೇ ಕೆಲಸ. ಆದ್ರೂ ಕುಂಚ ಕೆಳಗಿಟ್ರು.

"ಹಚ್ಚಲ್ಲ ಸಾರ್."

"ಯಾಕ್ರೀ?"

"ಬಾಣಂತಿ ಮಲಗಿದ್ರೆ ಮನೆ ಖಾಲಿ ಅನ್ನೋಕಾಗುತ್ತಾ ಸಾರ್? ಆರು ವಾರ ಬಿಟ್ಟು ಬಂದು ನೋಡಿ."

ಆರು ವಾರಕ್ಕೆ ಆ ಅಧಿಕಾರೀನ ಕರ್ಕೊಂಡೇ ಬಂದ್ರು. ಒಂದೊಂದು ಕೋಸಿನ ಎಲೆ ಛತ್ರಿಯಷ್ಟಗಲ! "ಖಾಲಿ ಜಾಗದಲ್ಲಿ ಕಾಲಿಡೋಕೆ ಒಂಚೂರು ಜಾಗ ತೋರ್ಸಿ ಸ್ವಾಮಿ" ಅಂದೆ. ಅಧಿಕಾರಿ ಮುಖ ಬೂದು ಬಣ್ಣಕ್ಕೆ ತಿರುಗ್ತು.

ಹೊಲ ಉಳೀತು. ಸಾಹೇಬ್ರನ್ನ ಮಾತ್ರ ನಾಲ್ಕು ವರ್ಷ ಹಳೇ ಕಡತದ ಕೋಣೆಗೆ ತಳ್ಳಿದ್ರು.

"ನಮ್ಮಿಂದ ಹಿಂಗಾಯ್ತಲ್ಲ ತಮ್ಮಾ" ಅಂತ ಕಣ್ಣೊರೆಸಿಕೊಂಡ್ರೆ, ಅವರು ಧೂಳು ಕೊಡವ್ತಾ ನಕ್ಕರು. "ಅಳಬೇಡಕ್ಕಾ. ಹಳೇ ನಕ್ಷೆ ಎಲ್ಲಾ ಇಲ್ಲೇ ಇದಾವೆ. ನೂರು ವರ್ಷದಿಂದ ನಿಮ್ದು ಹೊಲಾನೇ. ನನ್ನನ್ನ ಸರಿಯಾದ ಜಾಗಕ್ಕೇ ಕಳ್ಸಿದಾರೆ."

ಈಗ ಹೊಸ ಅಧಿಕಾರಿ, ಹೊಸ ನಕ್ಷೆ, ಅದೇ ಲಾರಿ ನಿಲ್ದಾಣ. ಇವರೊಬ್ಬರು ಮನೆಗೆ ಹೋಗ್ಲಿ ಅಂತ ಕಾಯ್ತಿದ್ರೇನೋ! ಸೋಮವಾರ ನಮ್ಮ ಆಕ್ಷೇಪಣೆ ವಿಚಾರಣೆ. ಸಾಹೇಬ್ರು ನೂರು ವರ್ಷ ಬಾಳಲಿ, ಮಂಡಿ ನೋಯದಿರಲಿ, ಆ ಸಣ್ಣ ದನಿ ಇನ್ನೊಂಚೂರು ಜೋರಾಗಲಿ. ಇಷ್ಟು ವರ್ಷ ವಿಚಾರಣೆ ದಿನ ಅಧಿಕಾರಿಗಳ ಪಕ್ಕ, ಮೇಜಿನ ಆ ಕಡೆ ಕೂರ್ತಿದ್ರು, ರೈತರು ನಾವು ಈ ಕಡೆ. ಈ ಸೋಮವಾರ ಕುರ್ಚೀನ ಯಾವ ಕಡೆಗೆ ಎಳ್ಕೋತಾರೆ? ನೀವೇ ಹೇಳಿ ನೋಡೋಣ.