ಎರಡು ಗ್ರಾಫಿಕ್ಸ್ ಕಾರ್ಡುಗಳು ಮತ್ತು ನಾನು ಗೆದ್ದ ಒಂದು ವಾದ

ಕಳೆದ ವಾರ ಹಾವೇರಿಯ ನಮ್ಮ ಕಾಲೇಜಿನಲ್ಲಿ ಹಳೆಯ ಕಂಪ್ಯೂಟರೊಂದರ ಮುಚ್ಚಳ ತೆಗೆದಾಗ ಕಾದ ಧೂಳಿನ ವಾಸನೆ ಮೂಗಿಗೆ ಬಡಿಯಿತು. ಅದರಲ್ಲಿ ಮೆಣಸಿನಕಾಯಿಯ ಘಾಟು ಇರಲಿಲ್ಲ. ಇಲ್ಲದ ಆ ಘಾಟೇ ನನ್ನನ್ನು ಎರಡು ಸಾವಿರದ ಎಂಟರ ಸುಮಾರಿನ ಬ್ಯಾಡಗಿಗೆ, ಅಲ್ಲಿನ ಕಂಪ್ಯೂಟರ್ ಅಂಗಡಿಯವರ ಬಳಿಗೆ ಕರೆದೊಯ್ದಿತು…

ಆಗ ನಾನು ಬ್ಯಾಡಗಿಯಲ್ಲಿ ಹೊಸದಾಗಿ ಸೇರಿದ್ದ ಉಪನ್ಯಾಸಕ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಹುಮ್ಮಸ್ಸು ಇನ್ನೂ ಇಳಿದಿರಲಿಲ್ಲ. ಕಂಪ್ಯೂಟರ್ ಕಲಿಕೆ ದುಡಿಯುವವರ ಮಕ್ಕಳ ಹಕ್ಕು ಎಂದು ನಂಬಿದ್ದೆ. ಆ ನಂಬಿಕೆಗೆ ಜಾಗ ಕೊಟ್ಟವರು ಆ ಅಂಗಡಿಯವರೊಬ್ಬರೇ. ಪ್ರತಿ ಮುಂಜಾನೆ ತಮ್ಮ ನಾಲ್ಕು ಯಂತ್ರಗಳನ್ನು ಹಮಾಲರ ಹೆಣ್ಣುಮಕ್ಕಳಿಗಾಗಿ ಬಿಟ್ಟುಕೊಡುತ್ತಿದ್ದರು, ನಾನು ಪಾಠ ಹೇಳುತ್ತಿದ್ದೆ.

ಅವರ ತಂದೆ ಮೆಣಸಿನಕಾಯಿ ದಲಾಲರು. ಮಗ ಅಂಗಡಿ ಮುಚ್ಚಿ ಮಾರುಕಟ್ಟೆಗೆ ಬರಬೇಕೆಂಬುದು ಅವರ ಪಟ್ಟು. ಮಗನಿಗೋ ಅಲ್ಲಿನ ಘಾಟು ಎದೆಗೆ ಹಿಡಿಯುತ್ತಿತ್ತು. ಒಂದು ಗಂಟೆ ಕುಳಿತರೆ ದಿನವೆಲ್ಲ ಕೆಮ್ಮು. ಕೊನೆಗೆ ಇಬ್ಬರ ನಡುವೆ ಒಪ್ಪಂದವಾಯಿತು. ಕಾರ್ ರೇಸಿನ ಹೊಸ ಆಟವನ್ನು ದೊಡ್ಡ ಪರದೆಯ ಮೇಲೆ ಆಡಿಸುವುದು, ಒಂದು ಭಾನುವಾರ ಹಾವೇರಿ, ರಾಣೆಬೆನ್ನೂರಿನ ಆಟಗಾರರನ್ನು ಕರೆಸುವುದು. ಆಟ ನಡೆದರೆ ಅಂಗಡಿ ಉಳಿಯುತ್ತದೆ, ಇಲ್ಲದಿದ್ದರೆ ಸೋಮವಾರದಿಂದ ದಲಾಲಿ.

ಅದಕ್ಕಾಗಿ ಅವರು ಒಂದೇ ಯಂತ್ರದೊಳಗೆ ಎರಡು ಗ್ರಾಫಿಕ್ಸ್ ಕಾರ್ಡುಗಳನ್ನು, ಅಂದರೆ ಪರದೆಗೆ ಚಿತ್ರ ಮೂಡಿಸಿಕೊಡುವ ಫಲಕಗಳನ್ನು, ಜೋಡಿಸಿದರು. ಒಂದನ್ನೇ ಹಾಕಿದರೆ ಆಟ ತಡವರಿಸುತ್ತಾ ನಡೆಯುತ್ತಿತ್ತು. ಎರಡೂ ಕೂಡಿದರೆ ಸರಾಗವಾಗಿ ಓಡಿ, ಹತ್ತೇ ನಿಮಿಷಕ್ಕೆ ಪರದೆ ಕಪ್ಪಾಗುತ್ತಿತ್ತು. ಕಾರ್ಡುಗಳನ್ನು ನಡೆಸುವ ಡ್ರೈವರ್ ತಂತ್ರಾಂಶ ಅಳಿಸಿ ಮತ್ತೆ ಹಾಕಿದೆವು. ಕಾರ್ಡುಗಳನ್ನು ಅದಲುಬದಲು ಮಾಡಿದೆವು. ಅವರು ರೈಲು ಹತ್ತಿ ರಾಣೆಬೆನ್ನೂರಿಗೆ ಹೋಗಿ ಹೆಚ್ಚು ಶಕ್ತಿಯ ಪವರ್ ಸಪ್ಲೈ ತಂದರು. ಹತ್ತು ನಿಮಿಷ, ಮತ್ತೆ ಕತ್ತಲೆ.

ಮೆಣಸಿನಕಾಯಿ ಮಾರುಕಟ್ಟೆಗೆ ಬಂದು ಬೀಳುವ ಆವಕದ ದಿನಗಳಲ್ಲಿ ಬ್ಯಾಡಗಿಯ ಅಂಗಡಿಗಳಲ್ಲಿ ಎಲ್ಲಕ್ಕೂ ಬಟ್ಟೆ ಹೊದಿಸುವುದು ರೂಢಿ. ಕೆಂಪು ಧೂಳು ಎಲ್ಲಿಗೂ ನುಗ್ಗುತ್ತದೆ. ನಮ್ಮ ಯಂತ್ರವೂ ಹಳೆಯ ಧೋತರದ ತುಂಡು ಹೊದ್ದು ನಿಂತಿತ್ತು. ಶನಿವಾರ ಅವರು ಅದನ್ನೇ ನೋಡುತ್ತಾ ಕುಳಿತಿದ್ದರು.

“ಸರ್, ಈ ಅರಿವಿ ತಗದು ನೋಡೂಣೇನ್ರಿ? ಎರಡೂ ಕೂಡಿ ಉಸುರುಗಟ್ಟಾಕತ್ತಾವ ಅನಸ್ತೈತಿ.”

ನಾನು ವೇದಿಕೆಯ ಮೇಲಿದ್ದವನಂತೆ ಉತ್ತರಿಸಿದೆ. ಬಟ್ಟೆಯೇ ಕಾರಣವಾಗಿದ್ದರೆ ಒಂದೇ ಕಾರ್ಡ್ ಇದ್ದಾಗಲೂ ಯಂತ್ರ ನಿಲ್ಲಬೇಕಿತ್ತು, ನಿಲ್ಲಲಿಲ್ಲ, ಆದ್ದರಿಂದ ಬಟ್ಟೆ ಕಾರಣವಲ್ಲ. ತೆಗೆದರೆ ಧೂಳು ಹೊಕ್ಕು ಇರುವುದೂ ಕೆಡುತ್ತದೆ.

“ಒಂದರ ಝಳಾ ಬ್ಯಾರೆ, ಎರಡರ ಝಳಾ ಬ್ಯಾರೆ ಅಲ್ಲೇನ್ರಿ?” ಎಂದು ಮೆಲ್ಲಗೆ ಕೇಳಿದರು. ಅದಕ್ಕೂ ಏನೋ ಉತ್ತರ ಕೊಟ್ಟೆ, ಏನೆಂದು ಈಗ ನೆನಪಿಲ್ಲ… ಅವರು ನಕ್ಕುಬಿಟ್ಟರು. “ನಿಮ್ಮ ಕೂಡ ವಾದಾ ಮಾಡಿ ಗೆದ್ದಾವ್ರು ಯಾರ ಅದಾರ್ರಿ? ಚಾ ಕುಡೀರಿ, ಆರತೈತಿ.”

ಬಟ್ಟೆ ಹಾಗೆಯೇ ಉಳಿಯಿತು.

ಭಾನುವಾರ ತುಂಬಿದ ಅಂಗಡಿಯಲ್ಲಿ ಪರದೆ ಮೂರು ಬಾರಿ ಕಪ್ಪಾಯಿತು. ಬ್ಯಾಡಗಿಯವರು ರೇಸನ್ನು ಅಮಾವಾಸ್ಯೆಗೇ ಇಡುತ್ತಾರೇನೋ ಎಂದು ರಾಣೆಬೆನ್ನೂರಿನ ಯುವಕನೊಬ್ಬ ಅಣಕಿಸಿದ, ಎಲ್ಲರೂ ನಕ್ಕರು. ಬಾಗಿಲಲ್ಲಿ ನಿಂತಿದ್ದ ತಂದೆ ಮಾತ್ರ ನಗಲಿಲ್ಲ. “ಆತಲ್ಲಪಾ. ನಾಳೆ ಟೈಮಿಗಿ ಸರಿಯಾಗಿ ಬಾ” ಎಂದರು. ಮಗ ಹೂಂ ಎಂದರು.

ಎಲ್ಲರೂ ಹೋದ ಮೇಲೆ, ಯಂತ್ರ ಬಿಚ್ಚುವ ಮುನ್ನ, ಅವರು ಬಟ್ಟೆ ಮಡಚಿಟ್ಟು ಸುಮ್ಮನೆ ಒಮ್ಮೆ ಆಟ ಚಾಲೂ ಮಾಡಿದರು. ಹತ್ತು ನಿಮಿಷ ಕಳೆಯಿತು. ಅರ್ಧ ಗಂಟೆ ಕಳೆಯಿತು. ಖಾಲಿ ಅಂಗಡಿಯಲ್ಲಿ ಕಾರುಗಳು ಓಡುತ್ತಲೇ ಇದ್ದವು. ತಂದೆಯನ್ನು ಈಗಲೇ ಕರೆತರುತ್ತೇನೆಂದು ನಾನು ಎದ್ದೆ.

“ಬ್ಯಾಡ್ರಿ ಸರ್. ಹೂಂ ಅಂದೇನಿ” ಎಂದು ಅವರೇ ಸ್ವಿಚ್ ಆರಿಸಿದರು.

ಮುಂಜಾನೆಯ ಪಾಠ ನಿಂತಿತು. ಎರಡು ದಿನ ಆ ಹೆಣ್ಣುಮಕ್ಕಳು ಮುಚ್ಚಿದ ಬಾಗಿಲವರೆಗೆ ಬಂದು ಮರಳಿದರಂತೆ. ಆಮೇಲೆ ನಾನು ಹಾವೇರಿಗೆ ಬಂದೆ. ಎಷ್ಟೋ ಸಲ ಬ್ಯಾಡಗಿಯ ಮಾರುಕಟ್ಟೆಗೆ ಹೋಗಿ, ಮೂಗಿಗೆ ಟವೆಲು ಕಟ್ಟಿ ಕುಳಿತ ಅವರೆದುರು ನಿಂತಿದ್ದೇನೆ. ತಪ್ಪು ನನ್ನದೆಂಬ ಒಂದು ಮಾತು ಬಾಯಿಂದ ಹೊರಡಲಿಲ್ಲ. ಕೆಮ್ಮಿನ ನಡುವೆ ಅವರೇ ಕೇಳುತ್ತಿದ್ದರು: “ಆ ಹುಡುಗ್ಯಾರು ಮುಂದ ಎಲ್ಲೆರ ಕಲ್ತರೇನ್ರಿ?”

ನನಗೆ ಗೊತ್ತಿರಲಿಲ್ಲ.

ಎರಡು ವರ್ಷಗಳ ಹಿಂದೆ ಅವರು ಹೋದರು. ಎದೆಯ ರೋಗವಂತೆ. ಈಗಲೂ ವಿದ್ಯಾರ್ಥಿಗಳು ಚರ್ಚಾಸ್ಪರ್ಧೆಗೆ ತರಬೇತಿ ಕೊಡಿ ಎಂದು ನನ್ನ ಬಳಿ ಬರುತ್ತಾರೆ. ಬೇರೆಯವರನ್ನು ಕೇಳಿ ಎನ್ನುತ್ತೇನೆ…