ದೆವ್ವಕ್ಕೊಂದು ಮಂಗಳ

"ಕರೆದಿದ್ದು ನೀವು. ಈಗ ಅದನ್ನ ವಾಪಸ್ ಕಳಿಸೋರು ಯಾರು?"

ಭದ್ರಾವತಿಯ ಬಡಾವಣೆಯೊಂದರಲ್ಲಿ ರಾಜ್ಯೋತ್ಸವದ ಸಂಜೆ. ದೆವ್ವದ ಹಾಡುಗಳನ್ನಷ್ಟೇ ಹಾಡುವ 'ಹುಣಸೇಮರ' ಎಂಬ ಶಿವಮೊಗ್ಗದ ತಂಡ ಕಾರ್ಯಕ್ರಮ ಮುಗಿಸಿ ವೈರು ಸುತ್ತುತ್ತಿತ್ತು. ಕೊನೆಯ ಹಾಡಿನಲ್ಲಿ ಅವರು ಮೋಹಿನಿಯನ್ನು 'ಬಾ, ಬಾ' ಎಂದು ಏಳೆಂಟು ಸಲ ಕರೆದಿದ್ದರು. ಅದನ್ನು ಕೇಳಿದ ಐದು ವರ್ಷದ ಹುಡುಗಿಯೊಬ್ಬಳು ಮನೆಗೆ ಹೋಗಲು ಒಪ್ಪದೆ ಅಜ್ಜಿಯ ಸೆರಗು ಹಿಡಿದು ಅಳುತ್ತಿದ್ದಳು. ಆ ಅಜ್ಜಿಯೇ ಮೊಮ್ಮಗಳ ಸಮೇತ ವೇದಿಕೆ ಹತ್ತಿ ಗಾಯಕನನ್ನು ತಡೆದು ನಿಲ್ಲಿಸಿದ್ದರು.

ಮುಖಕ್ಕೆ ಬಿಳಿ ಬಣ್ಣ ಬಳಿದುಕೊಂಡಿದ್ದ ಆತ ತಬ್ಬಿಬ್ಬಾದ. "ಕಳಿಸೋ ಹಾಡು ನಮ್ಮತ್ರ ಇಲ್ಲ ಅಜ್ಜಿ."

"ಭಜನೆಗೂ ಕೊನೇಲಿ ಮಂಗಳ ಹಾಡ್ತಾರೆ, ನಿಮಗಿಲ್ವಾ ಮಾರಾಯ? ಮನೆಗೆ ಬಂದೋರನ್ನ ಹೆಂಗೆ ಕಳಿಸ್ತೀಯೋ ಹಂಗೇ ಕಳಿಸು. ಊಟ ಆಯ್ತಾ ಅಂತ ಕೇಳು."

ಏನು ಮಾಡುತ್ತಾನೋ ಎಂದು, ಕಾರ್ಯಕ್ರಮ ನೋಡಲು ಬಂದಿದ್ದ ನಾನು ಕುರ್ಚಿಯಿಂದ ಏಳದೆ ನೋಡುತ್ತಿದ್ದೆ. ಆತ ಮಗುವಿನ ಎದುರು ಮಂಡಿಯೂರಿದ. ಅದೇ ರಾಗದಲ್ಲಿ ಮೋಹಿನಿಯ ಊಟ ವಿಚಾರಿಸಿ, ಅನ್ನ ಸಾರು ಬಡಿಸಿ, ಎಲೆ ಅಡಿಕೆ ಕೊಟ್ಟು, ಹಾಡಿನಲ್ಲೇ ಅವಳನ್ನು ಕುಂಸಿ ಊರಿನ ಬಸ್ಸು ಹತ್ತಿಸಿದ.

ಹುಡುಗಿ ಕಣ್ಣೊರೆಸಿಕೊಂಡು, "ಕಿಟಕಿ ಸೀಟು ಸಿಕ್ತಾ?" ಎಂದಳು.

"ಸಿಕ್ತು ಪುಟ್ಟಿ."

ಆಗ ಅವಳು ಅಜ್ಜಿಯ ಕೈ ಹಿಡಿದು ಮನೆಗೆ ಹೊರಟಳು.

ಇಲ್ಲಿ ಬರೆಯಲಾರದ ಹೆದರಿಕೆಯೊಂದು ನನಗೂ ಇದೆ. ಈವರೆಗೆ ಅದನ್ನು ಬೈದು ಓಡಿಸಲು ನೋಡುತ್ತಿದ್ದೆ. ಮೊನ್ನೆ ಅದು ಬಂದಾಗ, ಮೊದಲ ಬಾರಿಗೆ, ಏನು ಬೇಕಿತ್ತು ಎಂದು ಕೇಳಿದೆ.