ಅಪ್ಪ ಇದ್ದಾಗಲೇ ಬೋಳಾದ ತಲಿ

ಕೂದಲು ನೆಡಿಸ್ಕೊಂಡು ಬಂದ ಆರನೇ ದಿನಕ್ಕ ನಾನು ಡ್ಯೂಟಿಗೆ ಹೋದೆ. ಹೋಗಬಾರದಿತ್ತು. ಕರ್ನೂಲಿನ ಡಾಕ್ಟರು ಹತ್ತು ದಿನ ಹೊರಗ ತಿರುಗಬ್ಯಾಡ ಅಂದಿದ್ದರು. ನಾನು ಕೇಳಿದ್ದ ರಜೆ ಐದೇ ದಿನ. ಹತ್ತಿ ಬಿಡಿಸೋ ಕಾಲ, ಬಸ್ಸಿಗೆ ಜನ ಮುಗಿಬೀಳೋ ಹೊತ್ತು. ಇನ್ನೈದು ದಿನ ಕೊಡ್ರಿ ಅಂತ ಕೇಳಬೇಕಾದ್ರ ಕಾರಣ ಹೇಳಬೇಕಲ್ಲ! ಆ ಕಾರಣ ಹೇಳೋ ಬಾಯಿ ನನಗಿದ್ದಿಲ್ಲ. ಆದೋನಿ–ಪತ್ತಿಕೊಂಡ ಬಸ್ಸಿನ ಕಂಡಕ್ಟರ್ ನಾನು. ಹನ್ನೊಂದು ವರ್ಷದಿಂದ ಅದೇ ದಾರಿ. ಆ ದಾರಿಯ ಜನಕ್ಕ ನನ್ನ ಮನಿ ವಿಷಯ ನನಗಿಂತ ಚೊಲೋ ಗೊತ್ತು.

ಡಾಕ್ಟರು ತಲಿ ಪೂರಾ ಬೋಳಿಸಿ, ಹಿಂದಿನ ಕೂದಲು ಒಂದೊಂದೇ ಕಿತ್ತು ಮುಂದ ನೆಟ್ಟಿದ್ದರು, ಮೆಣಸಿನ ಸಸಿ ಕಿತ್ತು ನಾಟಿ ಮಾಡಿದಂಗ. ನೆತ್ತಿ ತುಂಬ ಕೆಂಪು ಚುಕ್ಕಿ, ಸಣ್ಣ ಸಣ್ಣ ಹಕ್ಕಳೆ. ಬಾವು ಹಣಿಯಿಂದ ಇಳಿದು ಕಣ್ಣಿಗೆ ಬಂದಿತ್ತು. ಕನ್ನಡಿಯಾಗ ನೋಡಿದ್ರ ಮೂರು ದಿನ ಅತ್ತವನ ಕಣ್ಣು! ಟೋಪಿ ಹಾಕಂಗಿಲ್ಲ, ಏನೂ ತಾಗಂಗಿಲ್ಲ. ನಮ್ಮ ದಾರಿಯ ಧೂಳಿಗೆ ಹೆದರಿ ಮುಖಕ್ಕ ಮಾಸ್ಕ್ ಹಾಕ್ಕೊಂಡಿದ್ದೆ.

ಆ ಮಾಸ್ಕೇ ನನ್ನ ಮಾನ ಕಳೀತು. ನಮ್ಮ ಕಡೆ ಯಾರಾದ್ರೂ ಬೋಳು ತಲೀಲೆ ಎದುರಿಗೆ ಬಂದ್ರ ಹಿರೇರು ಮೊದಲು ತಲಿ ನೋಡ್ತಾರ, ಆಮ್ಯಾಲ ಮೀಸಿ ನೋಡ್ತಾರ. ಮೀಸಿ ಇತ್ತಂದ್ರ ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದಾನ ಅಂತ ಅರ್ಥ. ಮೀಸಿನೂ ಇಲ್ಲಂದ್ರ ಮನ್ಯಾಗ ಅಪ್ಪ ತೀರಿಕೊಂಡಾನ. ಅಪ್ಪ ಇರೋತನಕ ಮಗ ಮೀಸಿ ತೆಗಿಯಂಗಿಲ್ಲ. ಬೆಳಿಗ್ಗೆ ಸ್ಟ್ಯಾಂಡಿನಾಗ ಚಾ ಕುಡಿಯಾಕ ಮಾಸ್ಕ್ ಇಳಿಸಿದಾಗ ಡ್ರೈವರ್ ನನ್ನ ಮೀಸಿ ನೋಡಿ, "ಏಮಿ, ತಿರುಪತಿ ವೆಳ್ಳಿನಾವಾ? ಲಡ್ಡು ಎಲ್ಲೋ?" ಅಂದ. ಮನ್ಯಾಗ ಮರೆತು ಬಂದೀನಿ ಅಂದೆ. ಅಲ್ಲಿಗೆ ಮುಗೀತು ಅಂದ್ಕೊಂಡಿದ್ದೆ.

ಇದನ್ನ ಯಾಕ ಮಾಡಿಸಿದೆ ಅಂತ ಹೇಳಿಬಿಡ್ತೀನಿ. ನನಗ ಮೂವತ್ತಾರು. ಹೆಣ್ಣು ನೋಡಾಕ ಹೋದ ಮನ್ಯಾಗ ಹುಡುಗಿ ಅವ್ವ ಒಳಗ ನಿಂತು, "ಇನ್ನೆರಡು ವರ್ಷಕ್ಕ ಅಪ್ಪನಂಗೇ ಆಗ್ತಾನ ನೋಡು" ಅಂದಿದ್ದು ನನ್ನ ಕಿವಿಗೆ ಬಿತ್ತು. ನಮ್ಮಪ್ಪನ ತಲಿ ಮೂವತ್ತಕ್ಕೇ ಬೋಳಾಗಿತ್ತಂತ. ಆ ಮಾತು ಕೇಳಿದ ದಿನದಿಂದ ಅಪ್ಪ ರುಮಾಲು ಬಿಚ್ಚಿದ್ರ ಸಾಕು, ನಾನು ಎದ್ದು ಹೊರಗ ಹೋಗ್ತಿದ್ದೆ. ನಾಚಿಕಿ ಅಂದ್ರೂ ಅಷ್ಟೇ, ಸಿಟ್ಟು ಅಂದ್ರೂ ಅಷ್ಟೇ. ನಾನಿರೋದು ಆದೋನಿಯಾಗ, ಅವ್ವ ಅಪ್ಪ ಊರಾಗ. ಅವರಿಗೆ ಟ್ರೈನಿಂಗ್ ಐತಿ ಅಂತ ಸುಳ್ಳು ಹೇಳಿ ಕರ್ನೂಲಿಗೆ ಹೋಗಿದ್ದೆ.

ಅಪ್ಪ ಕುರಿ ಕೂದಲು ಕತ್ತರಿಸೋನು. ಹೆಗಲಿಗೆ ಕಂಬಳಿ, ಕೈಯಾಗ ಕತ್ತರಿ, ಪತ್ತಿಕೊಂಡದ ದಾರಿಯ ಊರೂರು ನಲವತ್ತು ವರ್ಷ ನಡೆದಾನ. ಅವತ್ತು ಎರಡನೇ ಟ್ರಿಪ್ಪಿನಾಗ ಅವನ ಹಳೇ ಜೊತಿಗಾರ, ಒಬ್ಬ ಕುರಿಯಜ್ಜ, ಬಸ್ಸು ಹತ್ತಿದ. ಟೊಮ್ಯಾಟೊ ಬುಟ್ಟಿ ನಡುವ ತಲಿ ಉಳಿಸ್ಕೊಂತ ಅವನ ಹತ್ರ ಬಂದೆ. ಅಜ್ಜ ನನ್ನ ತಲಿ ನೋಡಿದ, ಕಣ್ಣು ನೋಡಿದ. ಮೀಸಿ ಮಾಸ್ಕಿನೊಳಗ ಇತ್ತು.

"ಯಾವಾಗ ಆತಪ್ಪಾ?" ಅಂದ.

ನನ್ನ ತಲಿಯಾಗ ಆಪರೇಷನ್ನೇ ತುಂಬಿತ್ತು. "ಗುರುವಾರ" ಅಂದುಬಿಟ್ಟೆ.

"ತ್ರಾಸ ಆಗಲಿಲ್ಲ ಅಲ್ಲ?"

"ಇಲ್ಲಜ್ಜ. ಸೂಜಿ ಕೊಟ್ಟಿದ್ರು, ಏನೂ ಗೊತ್ತಾಗಲಿಲ್ಲ."

ಅಜ್ಜ ಟವೆಲ್ ಬಾಯಿಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅಳಾಕ ಹತ್ತಿದ. "ನನಗೊಂದು ಮಾತು ಹೇಳಿ ಕಳಿಸಲಿಲ್ಲಲ್ಲೋ! ನನ್ನ ಹೆಂಡ್ತಿ ಆಸ್ಪತ್ರಿಯಾಗ ಇದ್ದಾಗ ನಿಮ್ಮಪ್ಪ ನನ್ನ ಹಿಂಡಿನ ಅಷ್ಟೂ ಕುರಿ ತಾನೇ ಕತ್ತರಿಸಿ ಹೋಗಿದ್ದ. ಬಾಯಿ ಬಿಟ್ಟು ಒಂದು ಮಾತು ಅಂದಿದ್ದಿಲ್ಲ. ಅಂಥಾ ಮನುಷ್ಯನ ಮಣ್ಣಿಗೂ ನಾನು ಬರಲಿಲ್ಲಲ್ಲೋ!"

ಆಗ ಗೊತ್ತಾತು ನನಗ. ಇಲ್ಲಜ್ಜ, ಅಪ್ಪ ಗಟ್ಟಿಮುಟ್ಟಾಗಿ ಅದಾನ ಅನ್ನಬೇಕಿತ್ತು. ಹಂಗಂದಿದ್ರ ಈ ತಲಿ ಏನಪ್ಪಾ ಅಂತ ಕೇಳ್ತಿದ್ದ. ಬಸ್ಸಿನ ತುಂಬ ಜನ, ಎಲ್ಲರ ಕಣ್ಣು ನನ್ನ ಮ್ಯಾಲ. ನಾನು ಸುಮ್ಕ ನಿಂತೆ. ಹೆಣ್ಣುಮಕ್ಕಳು "ಅಯ್ಯೋ ಶಿವನೇ" ಅಂದರು. ಯಾರೋ ಎದ್ದು ನನಗೇ ಸೀಟು ಬಿಟ್ಟುಕೊಟ್ಟರು. ತಲಿ ಸಿಡೀತಿತ್ತು, ಕುಂತೂಬಿಟ್ಟೆ. ಥೂ, ಈಗ ನೆನಸಿದ್ರೂ ನನ್ನ ಮ್ಯಾಲ ನನಗ ಹೇಸಿಗಿ ಬರ್ತೈತಿ.

ನಮ್ಮೂರ ಸ್ಟಾಪ್ ಬಂತು. ಅಜ್ಜನ ಊರು ಇನ್ನೂ ಮುಂದ. ಆದ್ರೂ ಎದ್ದ. "ನಿಮ್ಮವ್ವಗ ಮುಖ ತೋರಿಸಿ ಬರ್ತೀನಿ" ಅಂದ. ಮೆಟ್ಟಲ ಮ್ಯಾಲ ಹೊತ್ತು ಹಿಡೀತು ಅವನಿಗೆ ಇಳಿಯಾಕ, ಮಣಕಾಲು ನೋವು. ಅಷ್ಟು ಹೊತ್ತು ಇತ್ತು ನನಗ, ಕರೆಯಾಕ. ನನ್ನ ಬಾಯಿಂದ ಬಂದಿದ್ದು "ರೈಟ್ ರೈಟ್".

ಮುಂದಿನದು ಅವ್ವ ಫೋನಿನಾಗ ಹೇಳಿದ್ದು. ಅಪ್ಪ ಮನಿ ಮುಂದಿನ ಕಟ್ಟಿ ಮ್ಯಾಲ ಕುಂತು ಕತ್ತರಿ ಮಸೀತಿದ್ದನಂತ. ಅಜ್ಜ ಅಳ್ಕೊಂತ ಬಂದು ಎದುರಿಗೆ ನಿಂತ. ಅಪ್ಪ ಗಾಬರಿಯಾಗಿ, "ಯಾರು ಹೋದ್ರೋ?" ಅಂದ್ರ, ಅಜ್ಜ "ನೀನ" ಅಂತ ಅಂದು ಅಲ್ಲೇ ಕುಸಿದು ಕುಂತನಂತ. ಓಣಿ ಹೆಣ್ಣುಮಕ್ಕಳು ಆಯುಷ್ಯ ಗಟ್ಟಿ ಆತು ಬಿಡ್ರಿ ಅಂತ ನಕ್ಕರು. "ನಿಮ್ಮಪ್ಪ ಉಣ್ಣಲಿಲ್ಲ" ಅಂದಳು ಅವ್ವ. "ತಲಿಗೆ ಏನು ಮಾಡಿಸ್ಕೊಂಡಿಯೋ?" ಹೇಳಿದೆ. ಆಕಿ ಫೋನ್ ಇಟ್ಟಳು.

ಮರುದಿನ ಮೊದಲನೇ ಟ್ರಿಪ್ಪಿಗೆ ಅಪ್ಪ ನಮ್ಮೂರ ಸ್ಟಾಪಿನಾಗ ನಿಂತಿದ್ದ. ಬಿಳೇ ಧೋತರ, ಹೆಗಲಿಗೆ ಕಂಬಳಿ. ಹತ್ತಿ ಮುಂದಿನ ಸೀಟಿನಾಗ ಕುಂತ. "ಪತ್ತಿಕೊಂಡ ಒಂದು ಕೊಡು" ಅಂದ, ಯಾರೋ ಪರಕೀಯರಿಗೆ ಅಂದಂಗ. ಪತ್ತಿಕೊಂಡದಾಗ ಇಳೀಲಿಲ್ಲ. "ಆದೋನಿ ಕೊಡು" ಅಂದ. ಆದೋನಿಯಾಗೂ ಇಳೀಲಿಲ್ಲ. ಇಡೀ ದಿನ ಹಂಗೇ ಹೋದ, ಹಂಗೇ ಬಂದ. ಊರು ಬಂದಾಗೆಲ್ಲ ರುಮಾಲು ತೆಗೆದು ತೊಡಿ ಮ್ಯಾಲ ಇಟ್ಕೊಂಡು ಕಿಟಕಿಗೆ ಮುಖ ಕೊಡ್ತಿದ್ದ. ಸುದ್ದಿ ದಾರಿ ತುಂಬ ಹಬ್ಬಿತ್ತು. ಜನ ಹೌಹಾರಿ, "ಏ, ಅದಿಯೇನಪ್ಪಾ ನೀನು!" ಅನ್ನೋರು. "ಅದೀನಿ" ಅನ್ನೋನು ಅಪ್ಪ, ಅಷ್ಟೇ.

ಮಧ್ಯಾಹ್ನ ಹತ್ತಿ ಬಿಡಿಸೋ ಹೆಣ್ಣುಮಕ್ಕಳು ಹತ್ತಿದರು. ಅವರಾಗ ಒಬ್ಬಾಕಿ ಜೋರು ಬಾಯಿ. "ಮತ್ತ ಎಂದುಕು, ಯಾಕ ನಿನ್ನ ಮಗ ತಲಿ ಗುಂಡು ಹೊಡೆಸ್ಯಾನ?" ಅಂತ ಅಪ್ಪನ್ನೇ ಕೇಳಿದಳು. ಅಪ್ಪ ನನ್ನ ಕಡೆ ನೋಡಿದ. ನನ್ನ ಪರವಾಗಿ ಒಂದು ಸುಳ್ಳು ಹೇಳ್ತಾನೇನೋ ಅಂತ ಕಾದೆ. ಹೇಳಲಿಲ್ಲ.

ಮಾಸ್ಕ್ ಕಿತ್ತು ಜೇಬಿಗೆ ಹಾಕಿದೆ. "ಕೂದಲು ನೆಡಿಸ್ಕೊಂಡು ಬಂದೀನಿ. ನಮ್ಮಪ್ಪಗ ಏನೂ ಆಗಿಲ್ಲ. ನಿನ್ನೆ ನಾನೇ ಬಾಯಿ ಮುಚ್ಕೊಂಡು ಕುಂತಿದ್ದೆ" ಅಂದೆ. ಬಸ್ಸು ಗೊಳ್ಳಂತು. ನೀರು ಹಾಕ್ತಿಯೇನೋ, ಗೊಬ್ಬರ ಹಾಕ್ತಿಯೇನೋ ಅಂತ ಪತ್ತಿಕೊಂಡದ ತನಕ ಕಾಡಿಸಿದರು. ಕಾಡಿಸಲಿ. ನಾನು ಅಷ್ಟೊಂದು ಹೆದರಿದ್ದು ಇಷ್ಟಕ್ಕೇನಾ ಅನಿಸಿತು. ಅಪ್ಪ ಮಾತ್ರ ನಗಲಿಲ್ಲ.

ಸಂಜಿಗೆ ಆದೋನಿ ಸ್ಟ್ಯಾಂಡಿನಾಗ ಜನ ಎಲ್ಲ ಇಳಿದರು. ಡ್ರೈವರ್ ಚಾಕ್ಕ ಹೋದ. ಅಪ್ಪ ಕುಂತೇ ಇದ್ದ.

"ನನ್ನಂಗ ಕಾಣಬಾರದು ಅಂತ ಮಾಡಿಸಿದಿ, ಹೌದಲ್ಲ?"

"ಹೌದಪ್ಪ" ಅಂದೆ.

"ಅದನ್ನ ಬಾಯಿಬಿಟ್ಟು ಅಂದಿದ್ರ ನಕ್ಕುಬಿಡ್ತಿದ್ದೆ. ಅಪ್ಪ ಸತ್ತಾನ ಅಂದ್ರೂ ನೀ ಸುಮ್ಕಿದ್ದಿಯಲ್ಲೋ. ಅದು ನುಂಗಾಕ ಆಗವಲ್ದು."

ನಾನು ಬಗ್ಗಿ ಅವನ ಕಾಲು ಮುಟ್ಟಿದೆ. ಅಪ್ಪ ಕಾಲು ಹಿಂದಕ್ಕ ತಗೊಳ್ಳಲಿಲ್ಲ, ತಲಿ ಮ್ಯಾಲ ಕೈನೂ ಇಡಲಿಲ್ಲ. ಗಾಯ ಐತಿ ಅಂತ ಇಡಲಿಲ್ಲೋ, ಇಡೋ ಮನಸ್ಸಾಗಲಿಲ್ಲೋ, ಇವತ್ತಿಗೂ ನಾನು ಕೇಳಿಲ್ಲ.